ಮೊದಲು ಚಿತ್ರ, ಆಮೇಲೆ ಕತೆ: ಅಮೃತಾ ಶೇರ್‌ಗಿಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕಳೆದ ಸಂಚಿಕೆಯ ಈ ಪುಟದಲ್ಲಿ ಕಲಾವಿದೆ ಅಮೃತಾ ಶೇರ್‌ಗಿಲ್ ಅವರು ಬರೆದ ‘ಮೂವರು ಹುಡುಗಿಯರು’ ಚಿತ್ರ ಹಾಕಿದ್ದೆವು. ಮೂವರೂ ಹತ್ತಿರ ಹತ್ತಿರ ಕುಳಿತಿದ್ದಾರೆ, ಯಾರೂ ಯಾರನ್ನೂ ನೋಡುತ್ತಿಲ್ಲ. ಅದರ ಬಗ್ಗೆ ನಾನು ಬರೆದಿದ್ದು ನಾಲ್ಕೇ ಸಾಲು. ಆದರೂ ಇಷ್ಟೊಂದು ಪತ್ರಗಳು ಬಂದಿವೆ. ಈ ಸಲದ ಪುಟವೆಲ್ಲ ಅಮೃತಾ ಅವರಿಗೇ.

ಜಾಸ್ತಿ ಜನ ಕೇಳಿದ್ದು ಅವರ ಪ್ರೇಮ, ಮದುವೆ, ಸಾವಿನ ಬಗ್ಗೆ. ಅದಕ್ಕೂ ಉತ್ತರ ಕೊಡುತ್ತೇನೆ. ಆದರೆ ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತಳಾದವಳು. ಚಿತ್ರದ ಮುಂದೆ ನಿಂತು ಕಲಾವಿದರ ಮನೆ ವಿಷಯ ಮಾತಾಡುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಗಂಡು ಕಲಾವಿದರ ವಿಷಯದಲ್ಲಿ ಹೀಗೆ ಆಗುವುದು ಕಡಿಮೆ. ಅದಕ್ಕೇ ಇಲ್ಲಿ ಚಿತ್ರದ ಮಾತು ಹೆಚ್ಚು, ಉಳಿದದ್ದು ಕಡಿಮೆ.

ಪ್ರ: ಅಮೃತಾ ಅವರನ್ನು ಭಾರತದ ಕಲಾವಿದೆ ಅನ್ನಬೇಕಾ, ಹಂಗೆರಿಯವರು ಅನ್ನಬೇಕಾ? ಹುಟ್ಟಿದ್ದೇ ಅಲ್ಲಿ ಅಂತ ಓದಿದೆ. (ಗದಗದ ಓದುಗರು)

ಹುಟ್ಟಿದ್ದು ಬುಡಾಪೆಸ್ಟ್‌ನಲ್ಲಿ, 1913ರ ಜನವರಿ 30ರಂದು. ಅಪ್ಪ ಉಮ್ರಾವ್ ಸಿಂಗ್ ಶೇರ್‌ಗಿಲ್, ಪಂಜಾಬಿನ ಮಜೀಠಿಯಾ ಮನೆತನದವರು. ಸಂಸ್ಕೃತ, ಪರ್ಷಿಯನ್ ಓದಿಕೊಂಡಿದ್ದರು. ಫೋಟೋ ತೆಗೆಯುವ ಹುಚ್ಚು ಬೇರೆ. ಹೆಂಡತಿ ಮಕ್ಕಳನ್ನೂ ತಮ್ಮನ್ನೂ ಅವರು ತೆಗೆದುಕೊಂಡ ಫೋಟೋಗಳು ಇವತ್ತು ಭಾರತದ ಫೋಟೋಗ್ರಫಿಯ ಇತಿಹಾಸದಲ್ಲೇ ಜಾಗ ಪಡೆದಿವೆ. ತಾಯಿ ಮಾರೀ ಆಂಟೊನೆಟ್, ಹಂಗೆರಿಯವರು, ಆಪೆರಾ ಹಾಡುಗಾರ್ತಿ. ಮೊದಲ ಮಹಾಯುದ್ಧದಿಂದಾಗಿ ಸಂಸಾರ ಹಂಗೆರಿಯಲ್ಲೇ ಉಳಿಯಬೇಕಾಯಿತು. ಭಾರತಕ್ಕೆ ಬಂದದ್ದು 1921ರಲ್ಲಿ. ಶಿಮ್ಲಾದ ಸಮ್ಮರ್ ಹಿಲ್‌ನಲ್ಲಿ ಮನೆ ಮಾಡಿದರು. 1929ರಲ್ಲಿ ಮಗಳ ಕಲಿಕೆಗಾಗಿ ಪ್ಯಾರಿಸ್‌ಗೆ ಹೋದರು. 1934ರ ಕೊನೆಗೆ ವಾಪಸ್ ಬಂದರು.

ಪಾಸ್‌ಪೋರ್ಟ್ ನೋಡಿ ತೀರ್ಮಾನಿಸುವ ವಿಷಯ ಅಲ್ಲ ಇದು. ಅಮೃತಾ ಚಿತ್ರ ಕಲಿತದ್ದು ಯುರೋಪಿನಲ್ಲಿ. ತಮ್ಮ ಚಿತ್ರ ಏನು ಅಂತ ಕಂಡುಕೊಂಡದ್ದು ಭಾರತದಲ್ಲಿ. 1938ರಲ್ಲಿ ಮತ್ತೆ ಹಂಗೆರಿಗೆ ಹೋದಾಗ ಅಲ್ಲಿಯ ಹಳ್ಳಿಯ ಸಂತೆಯನ್ನೂ ಬರೆದಿದ್ದಾರೆ. ಆ ಚಿತ್ರದ ಜನ ನಮ್ಮ ಕಡೆಯ ಸಂತೆಯ ಜನರ ಹಾಗೇ ಮೌನವಾಗಿ ನಿಂತಿರುತ್ತಾರೆ. ಕಣ್ಣು ಒಂದೇ, ಊರು ಎರಡು.

ಪ್ರ: ಪ್ಯಾರಿಸ್‌ನಲ್ಲಿ ಅಷ್ಟು ಹೆಸರು ಬಂದಿದ್ದರೂ ಬಿಟ್ಟು ಬಂದರಂತೆ. ಯಾಕೆ? (ಶಿರಸಿಯ ಓದುಗರು)

ನನಗೆ ಅಮೃತಾ ಅವರಲ್ಲಿ ತುಂಬ ಇಷ್ಟವಾಗುವ ವಿಷಯವನ್ನೇ ಕೇಳಿದಿರಿ.

ಪ್ಯಾರಿಸ್‌ನ ದೊಡ್ಡ ಕಲಾಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಲೂಸಿಯನ್ ಸಿಮೋನ್ ಎಂಬ ಗುರುಗಳ ಬಳಿ ಅವರು ಕಲಿತರು. 1932ರಲ್ಲಿ ‘ಯುವತಿಯರು’ ಅಂತ ಒಂದು ಚಿತ್ರ ಮಾಡಿದರು. ಇಬ್ಬರು ಹೆಂಗಸರು ಎದುರುಬದುರು ಕುಳಿತಿದ್ದಾರೆ. ಒಬ್ಬಳು ತಂಗಿ ಇಂದಿರಾ, ಇನ್ನೊಬ್ಬಳು ಗೆಳತಿ. ಆ ಚಿತ್ರಕ್ಕೆ 1933ರಲ್ಲಿ ಪ್ಯಾರಿಸ್‌ನ ಗ್ರಾಂಡ್ ಸಲೋನ್ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಅಮೃತಾ ಅವರನ್ನು ಅಲ್ಲಿನ ಅಸೋಸಿಯೇಟ್ (ಸಹಸದಸ್ಯೆ) ಆಗಿ ಆರಿಸಿದರು. ವಯಸ್ಸು 20. ಅದೇ ಶೈಲಿಯಲ್ಲಿ ಇನ್ನೂ ನೂರು ಚಿತ್ರ ಮಾಡಿದ್ದರೆ ಆರಾಮಾಗಿ ಬದುಕಬಹುದಿತ್ತು. ಅವರಿಗೆ ಅದು ಬೇಡವಾಯಿತು. ಕಲಾವಿದೆಯಾಗಿ ತನ್ನ ಕೆಲಸ ಇರುವುದು ಭಾರತದಲ್ಲಿ ಅಂತ ಬಲವಾಗಿ ಅನ್ನಿಸಿತ್ತು. ಬಂದೇಬಿಟ್ಟರು.

ಬಂದ ಮರುವರ್ಷ, 1935ರಲ್ಲಿ, ಶಿಮ್ಲಾದ ಕಲಾಸಂಘದ ಪ್ರದರ್ಶನಕ್ಕೆ ಹತ್ತು ಚಿತ್ರ ಕಳಿಸಿದರು. ಐದನ್ನು ಸಂಘದವರು ವಾಪಸ್ ಮಾಡಿದರು. ಉಳಿದವುಗಳಲ್ಲಿ ಒಂದಕ್ಕೆ ಬಹುಮಾನ ಕೊಟ್ಟರು. ಅಮೃತಾ ಆ ಬಹುಮಾನ ಬೇಡ ಅಂದರು. ಆಗ ಶಿಮ್ಲಾದಲ್ಲಿ ಆ ಪ್ರದರ್ಶನ ಅಂದರೆ ಬ್ರಿಟಿಷ್ ಅಧಿಕಾರಿಗಳು, ರಾಜರು, ರಾಣಿಯರು ಬರುವ ಜಾಗ. ಚಿತ್ರ ಕೊಳ್ಳುವವರೂ ಅವರೇ. 22 ವರ್ಷದ ಹುಡುಗಿ ಅವರ ಬಹುಮಾನ ತಿರುಗಿಸಿದಳು ಅಂದರೆ ಮುಂದಿನ ಗಿರಾಕಿಗಳನ್ನೂ ಕಳೆದುಕೊಂಡ ಹಾಗೆ. ಅದು ಗೊತ್ತಿದ್ದೇ ಮಾಡಿದರು.

ಯಾವ ಗುಂಪಿಗೂ ಅವರು ಸೇರಲಿಲ್ಲ. ಆಗ ದೇಶದಲ್ಲಿ ಬಂಗಾಳ ಶೈಲಿಯದ್ದೇ ಮಾತು. ತೆಳುವಾದ ಬಣ್ಣ, ಪುರಾಣದ ಕತೆ, ಅರೆಗಣ್ಣಿನ ನಾಯಕಿಯರು. ಅಮೃತಾ ಅದನ್ನು ಖಾರವಾಗಿ ಟೀಕಿಸಿದರು. ಇತ್ತ ಬ್ರಿಟಿಷ್ ಕಲಾಶಾಲೆಗಳ ಕಲಿಕೆಯೂ ಅವರಿಗೆ ಹಿಡಿಸಲಿಲ್ಲ. ಎರಡೂ ಕಡೆಯವರಿಗೆ ಅವರು ಹೊರಗಿನವರಾದರು.

ಪ್ರ: ಅಮೃತಾ ದಕ್ಷಿಣ ಭಾರತಕ್ಕೆ ಬಂದಿದ್ದರಂತೆ. ನಮ್ಮ ಕಡೆ ಏನಾದರೂ ನಂಟು ಇದೆಯಾ? (ಮೈಸೂರಿನ ಓದುಗರು)

ಇದೆ. ಮೈಸೂರಿಗೆ ಸಂಬಂಧಿಸಿದ್ದು ಅಷ್ಟು ಸಂತೋಷದ ವಿಷಯ ಅಲ್ಲ, ಅದನ್ನು ಕೊನೆಗೆ ಹೇಳುತ್ತೇನೆ.

1936ರ ಕೊನೆಗೆ ಅವರು ಮುಂಬೈಗೆ ಬಂದರು. ಅಲ್ಲಿ ಕಾರ್ಲ್ ಖಂಡಾಲಾವಾಲಾ ಎಂಬ ವಕೀಲರ ಪರಿಚಯವಾಯಿತು. ಕಲೆಯ ಬಗ್ಗೆ ಆಳವಾಗಿ ತಿಳಿದವರು, ಹಳೆಯ ರಾಜಸ್ಥಾನಿ, ಪಹಾಡಿ (ಹಿಮಾಲಯದ ಬೆಟ್ಟದ ಸೀಮೆಯ) ಶೈಲಿಯ ಪುಟ್ಟ ಚಿತ್ರಗಳನ್ನು, ಅಂದರೆ ಮಿನಿಯೇಚರ್‌ಗಳನ್ನು ಕೂಡಿಟ್ಟವರು. ಆ ಚಿತ್ರಗಳನ್ನು ಅಮೃತಾ ಹತ್ತಿರದಿಂದ ನೋಡಿದರು. ಅಲ್ಲಿಂದ ಅಜಂತಾ, ಎಲ್ಲೋರಾ. ಆಮೇಲೆ ಹೈದರಾಬಾದ್, ತಿರುವನಂತಪುರ, ಕನ್ಯಾಕುಮಾರಿ, ಕೊಚ್ಚಿ, ಮಧುರೈ.

ಅಜಂತಾ ಅವರನ್ನು ಅಲುಗಾಡಿಸಿತು. ಅಜಂತಾದ ಹೆಸರು ಹೇಳಿಕೊಂಡು ಚಿತ್ರ ಬರೆಯುವವರು ಆಗ ಬಹಳ ಜನ ಇದ್ದರು. ಅವರು ತೆಗೆದುಕೊಂಡಿದ್ದು ಬಳುಕುವ ಗೆರೆ, ತಾವರೆ, ಕಿರೀಟ. ಅಮೃತಾ ಕಂಡದ್ದು ಬೇರೆ. ಗೋಡೆ ತುಂಬ ಜನ ಇದ್ದಾರೆ, ಆದರೆ ಗದ್ದಲ ಇಲ್ಲ. ಒಂದು ಮೈಯ ಪಕ್ಕ ಇನ್ನೊಂದು ಮೈ ಹೇಗೆ ಕೂತಿದೆ, ಕಂದು ಬಣ್ಣದ ಪಕ್ಕ ಬಿಳಿ ಹೇಗೆ ಹೊಳೆಯುತ್ತದೆ. ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಗೋಡೆ ಚಿತ್ರಗಳ ಮುಂದೆ ಕೂತು ನಕಲು ಮಾಡಿಕೊಂಡರು. ಪ್ಯಾರಿಸ್‌ನ ಚಿನ್ನದ ಪದಕದವರು ವಿದ್ಯಾರ್ಥಿ ಹಾಗೆ ನೆಲದಲ್ಲಿ ಕೂತು ನಕಲು ಮಾಡಿದ್ದಾರೆ ನೋಡಿ. ಈ ಗೋಡೆಗಳ ಗಟ್ಟಿತನದ ಬಗ್ಗೆ ಖಂಡಾಲಾವಾಲಾ ಅವರಿಗೆ ಪತ್ರದಲ್ಲಿ ಖುಷಿಯಿಂದ ಬರೆದರು.

ಶಿಮ್ಲಾಗೆ ಮರಳಿ 1937ರಲ್ಲಿ ಮೂರು ದೊಡ್ಡ ಚಿತ್ರ ಮಾಡಿದರು. ‘ಮದುಮಗಳ ಸಿಂಗಾರ’, ‘ಬ್ರಹ್ಮಚಾರಿಗಳು’, ‘ಸಂತೆಗೆ ಹೊರಟ ದಕ್ಷಿಣ ಭಾರತದ ಹಳ್ಳಿಗರು’. ‘ಬ್ರಹ್ಮಚಾರಿಗಳು’ ಚಿತ್ರದ ಬಣ್ಣದ ಪ್ರತಿ ಸಿಕ್ಕರೆ ಸ್ವಲ್ಪ ಹೊತ್ತು ನೋಡಿ. ಜನಿವಾರದ ಹುಡುಗರು, ಬಿಳಿ ಪಂಚೆ. ಒಬ್ಬೊಬ್ಬನ ಮೈಬಣ್ಣವೂ ಬೇರೆ ಬೇರೆ ಕಂದು. ನಮ್ಮ ಉಡುಪಿ, ಗೋಕರ್ಣ, ಮೇಲುಕೋಟೆಯಲ್ಲಿ ಇಂಥ ಹುಡುಗರನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಆ ಬಿಳಿ ಬಟ್ಟೆಯನ್ನು ಹತ್ತಿರದಿಂದ ನೋಡಿದರೆ ಅದು ಬರೀ ಬಿಳಿ ಅಲ್ಲ. ಹಸಿರು, ಬೂದಿ, ಹಳದಿ ಎಲ್ಲ ಇದೆ. ನನ್ನ ಮಕ್ಕಳಿಗೆ, ಅಂದರೆ ಶಾಲೆ ಮಕ್ಕಳಿಗೆ, ಬಿಳಿ ಬಣ್ಣ ಹಚ್ಚುವುದನ್ನು ಕಲಿಸಲು ನಾನು ತೋರಿಸುತ್ತಿದ್ದದ್ದು ಇದೇ ಚಿತ್ರದ ಪ್ರತಿ.

‘ಮದುಮಗಳ ಸಿಂಗಾರ’ದಲ್ಲಿ ನಡುವೆ ಬೆಳ್ಳಗಿನ ಮದುಮಗಳು, ಮದರಂಗಿ ಹಚ್ಚಿದ ಕೈ. ಸುತ್ತ ಕಪ್ಪು ಮೈಬಣ್ಣದ ಹೆಂಗಸರು, ಮಕ್ಕಳು. ಮದುವೆ ಮನೆ ಅಂದರೆ ನಗು ಇರಬೇಕಿತ್ತು. ಇಲ್ಲಿ ಇಲ್ಲ. ಹುಡುಗಿ ಎಲ್ಲಿಗೋ ಹೋಗಲಿಕ್ಕಿದ್ದಾಳೆ, ಅದು ಅವಳಿಗೂ ಗೊತ್ತು, ತಲೆ ಬಾಚುವವಳಿಗೂ ಗೊತ್ತು.

ಈಗ ಮೈಸೂರಿನ ವಿಷಯ. ಅಮೃತಾ ಚಿತ್ರಗಳನ್ನು ಮಾರಲು ತುಂಬ ಓಡಾಡಿದರು. ಹೈದರಾಬಾದಿನ ಸಾಲಾರ್ ಜಂಗ್ ನವಾಬರು ಚಿತ್ರಗಳನ್ನು ತರಿಸಿಕೊಂಡು ವಾಪಸ್ ಕಳಿಸಿದರು. ಮೈಸೂರಿನ ಮಹಾರಾಜರು ಇವರ ಚಿತ್ರಗಳ ಬದಲು ರವಿವರ್ಮನ ಚಿತ್ರಗಳನ್ನೇ ಮೆಚ್ಚಿದರು ಅಂತ ಅಮೃತಾ ಅವರ ಜೀವನ ಬರೆದವರು ದಾಖಲಿಸಿದ್ದಾರೆ. ಅರಮನೆಯವರನ್ನು ಬೈಯುವುದಕ್ಕೆ ಹೇಳುತ್ತಿಲ್ಲ. ಜಗನ್ಮೋಹನ ಅರಮನೆಯ ರವಿವರ್ಮನ ಚಿತ್ರಗಳು ನನಗೂ ಪ್ರೀತಿಯವು. ಆದರೆ ಅವತ್ತು ಒಂದೇ ಒಂದು ಚಿತ್ರ ಅಲ್ಲಿ ಉಳಿದಿದ್ದರೆ? ನಮ್ಮ ಎಷ್ಟು ತಲೆಮಾರಿನ ವಿದ್ಯಾರ್ಥಿಗಳು ಅದನ್ನು ನೋಡಿ ಬೆಳೆಯುತ್ತಿದ್ದರು! ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಪ್ರ: ಜಮೀನ್ದಾರರ ಮನೆಯ ಹೆಣ್ಣುಮಗಳು ಬಡವರ ದುಃಖವನ್ನು ಚಿತ್ರ ಮಾಡಿ ಹೆಸರು ಗಳಿಸಿದರು. ಇದು ಸರಿಯಾ? ಅವರನ್ನು ‘ಸ್ವತಂತ್ರ ಕಲಾವಿದೆ’ ಅನ್ನುವುದು ಹೇಗೆ? (ಕಲಬುರಗಿಯ ಉಪನ್ಯಾಸಕರೊಬ್ಬರು)

ಕೇಳಬೇಕಾದ ಪ್ರಶ್ನೆ. ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ.

ಅವರು ಸ್ವಂತ ಗಳಿಕೆಯಲ್ಲಿ ಬದುಕಿದವರಲ್ಲ, ನಿಜ. ಚಿತ್ರಗಳು ಮಾರಾಟವಾದದ್ದು ಕಡಿಮೆ. ಮದುವೆ ಆದ ಮೇಲೆ ಗಂಡ ಹೆಂಡತಿ ಇಬ್ಬರೂ ಗೋರಖ್‌ಪುರದ ಹತ್ತಿರದ ಸರಾಯಾ ಎಂಬಲ್ಲಿ ಮಜೀಠಿಯಾ ಮನೆತನದ ಎಸ್ಟೇಟಿನಲ್ಲಿ ಇದ್ದರು. ಅಲ್ಲಿ ಸಕ್ಕರೆ ಕಾರ್ಖಾನೆ ಇತ್ತು, ಗಂಡ ಅಲ್ಲಿ ಡಾಕ್ಟರ್. ಅಂದರೆ ದುಡ್ಡಿನ ಸ್ವಾತಂತ್ರ್ಯ ಅವರಿಗೆ ಇರಲಿಲ್ಲ. ಅದು ಅವರನ್ನು ಚುಚ್ಚುತ್ತಲೂ ಇತ್ತು. ಲಾಹೋರಿಗೆ ಹೋಗಿ ಬೇರೆ ಬದುಕು ಕಟ್ಟಬೇಕು ಅಂತ ಹೊರಟದ್ದಕ್ಕೆ ಅದೂ ಒಂದು ಕಾರಣ. ಅವರ ಸ್ವಾತಂತ್ರ್ಯ ಇದ್ದದ್ದು ಕ್ಯಾನ್ವಾಸಿನ ಮುಂದೆ. ಗಿರಾಕಿ ಕೇಳಿದ್ದನ್ನು ಮಾಡಲಿಲ್ಲ, ಗುರು ಮೆಚ್ಚಿದ್ದನ್ನು ಮತ್ತೆ ಮಾಡಲಿಲ್ಲ. ತಮಗೆ ಬಹುಮಾನ ತಂದ ಶೈಲಿಯನ್ನೂ ಬಿಟ್ಟರು. ನನ್ನ ಮಟ್ಟಿಗೆ ಅಷ್ಟು ಸಾಕು.

ಇನ್ನು ಬಡವರ ದುಃಖದ ಮಾತು. 1935ರ ‘ಗುಡ್ಡಗಾಡಿನ ಹೆಂಗಸರು’, ‘ಭಾರತ ಮಾತೆ’ ಚಿತ್ರಗಳಲ್ಲಿ ನೀವು ಹೇಳುವ ದೋಷ ಸ್ವಲ್ಪ ಇದೆ ಅಂತ ನಾನೂ ಒಪ್ಪುತ್ತೇನೆ. ಶಿಮ್ಲಾದ ಬಂಗಲೆಯಿಂದ ನೋಡಿದಾಗ ಕೂಲಿ ಜನ ಬರೀ ದುಃಖದ ಮೂರ್ತಿಗಳ ಹಾಗೆ ಕಂಡಿರಬೇಕು. ಉದ್ದ ಮೈ, ಗುಳಿಬಿದ್ದ ಕಣ್ಣು. ಅವರು ಸಂಜೆ ಮನೆಗೆ ಹೋಗಿ ನಗುವುದಿಲ್ಲವಾ, ಜಗಳ ಆಡುವುದಿಲ್ಲವಾ ಅಂತ ಕೇಳಬೇಕು ಅನ್ನಿಸುತ್ತದೆ.

ಆದರೆ ಒಂದು ವಿಷಯ ಗಮನಿಸಿ. ನಾವು ಅಚ್ಚು ಹಾಕಿದ ‘ಮೂವರು ಹುಡುಗಿಯರು’ ಬಡ ಹುಡುಗಿಯರಲ್ಲ. ಅವರು ಅಮೃತಾ ಅವರ ಸಂಬಂಧಿಕರ ಮನೆಯ ಹೆಣ್ಣುಮಕ್ಕಳು, ಅದೇ ಮಜೀಠಿಯಾ ಕುಟುಂಬದವರು. ಊಟಕ್ಕೆ, ಬಟ್ಟೆಗೆ ಕೊರತೆ ಇಲ್ಲದವರು. ಆದರೂ ಆ ಮುಖಗಳು ಹಾಗಿವೆ. ಈ ಚಿತ್ರಕ್ಕೆ 1937ರಲ್ಲಿ ಬಾಂಬೆ ಆರ್ಟ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ಅಮೃತಾ ಬರೆದದ್ದು ಬಡತನ ಒಂದನ್ನೇ ಅಲ್ಲ. ತನ್ನ ಬದುಕಿನ ಬಗ್ಗೆ ತಾನು ಮಾತಾಡುವ ಹಕ್ಕಿಲ್ಲದ ಹೆಂಗಸರನ್ನು ಬರೆದರು. ಅಂಥವರು ಗುಡಿಸಲಿನಲ್ಲೂ ಇದ್ದರು, ಅವರದೇ ದೊಡ್ಡ ಮನೆಯಲ್ಲೂ ಇದ್ದರು. ತಮ್ಮ ಮನೆಯ ಅಂಗಳವನ್ನೂ ಬಿಡದೆ ನೋಡಿದವರ ಮೇಲೆ ನನಗೆ ನಂಬಿಕೆ ಇದೆ.

ಪ್ರ: ಅವರ ಚಿತ್ರಗಳೆಲ್ಲ ಒಂದೇ ಥರ ಮಂಕಾಗಿ ಕಾಣುತ್ತವೆ. ನನ್ನ ಕಣ್ಣಿನ ದೋಷವಾ? (ತುಮಕೂರಿನ ಗೃಹಿಣಿಯೊಬ್ಬರು)

ನಿಮ್ಮ ಕಣ್ಣು ಸರಿಯಾಗಿದೆ. ಪತ್ರಿಕೆಯ ಕಾಗದದಲ್ಲಿ ಅವರ ಕೆಂಪು ಬಣ್ಣ ಅಚ್ಚಾಗುವುದೇ ಇಲ್ಲ. ನಾನು ಮೊದಲು ಅಮೃತಾ ಚಿತ್ರ ನೋಡಿದ್ದು ಅಂಚೆಚೀಟಿಯಲ್ಲಿ. 1978ರಲ್ಲಿ ‘ಗುಡ್ಡಗಾಡಿನ ಹೆಂಗಸರು’ ಚಿತ್ರದ ಸ್ಟಾಂಪ್ ಬಂದಿತ್ತು. ಕಂದು ಬಣ್ಣದ ಒಂದು ಚೂರು, ಅಷ್ಟೆ. ಎಷ್ಟೋ ವರ್ಷದ ಮೇಲೆ ದೆಹಲಿಯಲ್ಲಿ ಅವರ ನಿಜವಾದ ಚಿತ್ರಗಳ ಮುಂದೆ ನಿಂತಾಗ ನನ್ನ ಜೊತೆ ಬಂದವರ ಮಾತು ನಿಂತುಹೋಯಿತು. ಬಣ್ಣ ದಪ್ಪವಾಗಿದೆ, ಬ್ರಷ್ಷು ಓಡಿದ ದಾರಿ ಕಾಣುತ್ತದೆ, ಕೆಂಪು ಒಳಗಿನಿಂದ ಉರಿಯುತ್ತದೆ.

ಇನ್ನೊಂದು ಕಾರಣವೂ ಇದೆ. ನಮ್ಮ ಪಠ್ಯಪುಸ್ತಕ, ಕ್ಯಾಲೆಂಡರುಗಳಲ್ಲಿ 1935ರ ಆಸುಪಾಸಿನ ಚಿತ್ರಗಳೇ ಜಾಸ್ತಿ ಬರುತ್ತವೆ. 1938ರ ನಂತರದ್ದು ನೋಡಿ, ಬೇರೆ ಲೋಕ. ಬಸೋಹ್ಲಿಯಂಥ ಪಹಾಡಿ ಮಿನಿಯೇಚರ್‌ಗಳನ್ನೂ ಮೊಘಲ್ ಚಿತ್ರಗಳನ್ನೂ ಒಳಗೆ ಇಳಿಸಿಕೊಂಡಿದ್ದರು. ಕ್ಯಾನ್ವಾಸು ಚಿಕ್ಕದಾಯಿತು. ಮುಖಗಳು ಪುಟ್ಟದಾದವು. ಕಣ್ಣು ಮೂಗು ಬಿಡಿಸಿ ತೋರಿಸುವ ಹಟ ಹೋಯಿತು. ಹೊಲ, ಮರ, ಆನೆ, ಒಂಟೆ, ಅಂಗಳ ಎಲ್ಲ ಬಂದವು.

‘ಹೆಂಗಸರ ಅಂಗಳ’ ಎಂಬ 1938ರ ಚಿತ್ರದಲ್ಲಿ ಮದುಮಗಳ ತಲೆ ಬಾಚುತ್ತಿದ್ದಾರೆ. ಪಕ್ಕದಲ್ಲಿ ದಾಸವಾಳದ ಗಿಡ, ಒಂದು ನಾಯಿ. ಹಿಂದೆ ಹೊಲ ಚಪ್ಪಟೆಯಾಗಿ ಹಾಸಿಕೊಂಡಿದೆ. 1940ರ ‘ಅರಿಸಿನ ಅರೆಯುವವರು’ ಚಿತ್ರದಲ್ಲಿ ಮರದ ಕಾಂಡಗಳ ಮಧ್ಯೆ ಹೆಂಗಸರು ಕೆಲಸ ಮಾಡುತ್ತಿದ್ದಾರೆ. ಅದೇ ವರ್ಷದ್ದು ‘ಚಾರ್‌ಪಾಯಿ ಮೇಲೆ ಮಲಗಿದ ಹೆಂಗಸು’. ಕೆಂಪು ಬಟ್ಟೆ, ಮಂಚದ ಕೆಂಪು ಕಾಲುಗಳು, ಪಕ್ಕದಲ್ಲಿ ಬೀಸಣಿಗೆ ಹಿಡಿದವಳು. ಮಧ್ಯಾಹ್ನದ ಸೆಕೆ, ಹೊತ್ತು ಹೋಗದ ಬೇಸರ, ಒಳಗೆ ಏನೋ ಕುದಿಯುವುದು, ಎಲ್ಲ ಆ ಕೆಂಪಿನಲ್ಲೇ ಇದೆ. ಅಡುಗೆ ಮುಗಿಸಿ ಮಧ್ಯಾಹ್ನ ಎರಡು ಗಂಟೆಗೆ ಸುಮ್ನೆ ಅಡ್ಡಾದ ಯಾವ ಹೆಂಗಸಿಗೂ ಈ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಕೇಳಿದರೆ ಅಮೃತಾ ಅವರ ಅತ್ಯುತ್ತಮ ಕೆಲಸ ಈ ಕೊನೆಯ ಮೂರ್ನಾಲ್ಕು ವರ್ಷದ್ದು. ಪ್ಯಾರಿಸ್‌ನ ಪದಕದ ಚಿತ್ರಕ್ಕಿಂತ ಇದೇ ದೊಡ್ಡದು.

ಪ್ರ: ಅವರು ಸತ್ತದ್ದು ಹೇಗೆ? ಗಂಡನ ಮೇಲೆ ಅನುಮಾನ ಇತ್ತಂತೆ. ನೆಹರೂ ಅವರ ಜೊತೆ ಸ್ನೇಹ ಇತ್ತಂತೆ. (ತುಂಬ ಜನ ಓದುಗರು)

1938ರಲ್ಲಿ ಹಂಗೆರಿಯಲ್ಲಿ ವಿಕ್ಟರ್ ಇಗಾನ್ ಅವರನ್ನು ಮದುವೆಯಾದರು. ವಿಕ್ಟರ್ ಅಂದರೆ ಅಮೃತಾ ಅವರ ತಾಯಿಯ ಕಡೆಯ ಸಂಬಂಧಿ, ಡಾಕ್ಟರ್. ಮನೆಯವರಿಗೆ ಇಷ್ಟ ಇರಲಿಲ್ಲ. 1941ರ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಲಾಹೋರಿಗೆ ಹೋಗಿ ಗಂಗಾರಾಮ್ ಮ್ಯಾನ್ಷನ್ಸ್ ಎಂಬ ಕಟ್ಟಡದಲ್ಲಿ ಮನೆ ಮಾಡಿದರು. ಡಿಸೆಂಬರ್‌ನಲ್ಲಿ ಪ್ರದರ್ಶನ ನಿಗದಿಯಾಗಿತ್ತು. ಅದಕ್ಕೆ ಮುಂಚೆ ಕಾಯಿಲೆ ಬಿದ್ದರು. ಡಿಸೆಂಬರ್ 5ರ ನಡುರಾತ್ರಿ ತೀರಿಕೊಂಡರು. ವಯಸ್ಸು 28. ಸಾವಿನ ಕಾರಣ ಇವತ್ತಿಗೂ ತೀರ್ಮಾನವಾಗಿಲ್ಲ. ಮಗಳನ್ನು ಕಳೆದುಕೊಂಡ ತಾಯಿ ಅಳಿಯನ ಮೇಲೆ ಆರೋಪ ಮಾಡಿದರು. ಅದು ಸಾಬೀತಾಗಲಿಲ್ಲ. ಹಂಗೆರಿ ಬ್ರಿಟನ್ನಿನ ಶತ್ರು ದೇಶವಾದ ಕಾರಣ ಅದೇ ದಿನಗಳಲ್ಲಿ ವಿಕ್ಟರ್ ಅವರನ್ನು ಬಂಧನದಲ್ಲೂ ಇಟ್ಟರು. ಏಳು ವರ್ಷ ಕಳೆದು ತಾಯಿ ಪ್ರಾಣ ತೆಗೆದುಕೊಂಡರು. ಇದರ ಮೇಲೆ ಊಹೆ ಕಟ್ಟುವುದು ನನಗೆ ಇಷ್ಟವಿಲ್ಲ.

ನೆಹರೂ ಅವರನ್ನು ಭೇಟಿಯಾಗಿದ್ದು ನಿಜ, ಪತ್ರ ಬರೆದಿದ್ದೂ ನಿಜ. ಆದರೆ ಅವರ ಭಾವಚಿತ್ರವನ್ನು ಅಮೃತಾ ಮಾಡಲಿಲ್ಲ.

ಲಾಹೋರಿನ ಮನೆಯ ಮಾಳಿಗೆಯಿಂದ ಕಾಣುವ ನೋಟವನ್ನು ಅವರು ಕೊನೆಗೆ ಬರೆಯುತ್ತಿದ್ದರು. ಎಮ್ಮೆಗಳು, ಮನೆಗಳು, ಅರ್ಧಕ್ಕೆ ನಿಂತ ಬಣ್ಣ. ಜನರ ಆಕಾರಗಳನ್ನೂ ಮೀರಿ ಬರೀ ಬಣ್ಣದ ಪಟ್ಟಿಗಳ ಕಡೆ ಹೊರಟಿದ್ದರು ಅನ್ನಿಸುತ್ತದೆ. ಇನ್ನೂ ಹತ್ತು ವರ್ಷ ಬದುಕಿದ್ದರೆ ಎಲ್ಲಿ ಮುಟ್ಟುತ್ತಿದ್ದರೋ! ಸಾವಿನ ಬಗ್ಗೆ ನನಗಿರುವ ಸಂಕಟ ಇದು.

ಪ್ರ: ಒಂದು ಚಿತ್ರ 61 ಕೋಟಿಗೆ ಹೋಯಿತು ಅಂತ ಪೇಪರಿನಲ್ಲಿ ಓದಿದೆ. ಬಣ್ಣ ಬಟ್ಟೆಗೆ ಅಷ್ಟು ಬೆಲೆ ಹೇಗೆ ಬರುತ್ತದೆ? (ಹುಬ್ಬಳ್ಳಿಯ ವ್ಯಾಪಾರಸ್ಥರು)

ವ್ಯಾಪಾರದ ಲೆಕ್ಕದಲ್ಲೇ ಹೇಳುತ್ತೇನೆ. ಮಾಲು ಕಡಿಮೆ, ಬೇಡಿಕೆ ಜಾಸ್ತಿ.

ಅದು 1937ರ ‘ಕತೆ ಹೇಳುವವಳು’ ಚಿತ್ರ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಸ್ಯಾಫ್ರನ್‌ಆರ್ಟ್ ಸಂಸ್ಥೆಯ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಹೋಯಿತು. ಆವತ್ತಿಗೆ ಭಾರತದ ಯಾವ ಕಲಾವಿದರ ಚಿತ್ರಕ್ಕೂ ಹರಾಜಿನಲ್ಲಿ ಅಷ್ಟು ಬಂದಿರಲಿಲ್ಲ. 2025ರಲ್ಲಿ ಎಂ.ಎಫ್. ಹುಸೇನ್ ಅವರ ‘ಗ್ರಾಮಯಾತ್ರೆ’ ನ್ಯೂಯಾರ್ಕಿನಲ್ಲಿ ಇದನ್ನು ಮೀರಿಸಿತು. ನಾನು ಮೇಲೆ ಹೇಳಿದ ‘ಹೆಂಗಸರ ಅಂಗಳ’ 2021ರಲ್ಲಿ 37.8 ಕೋಟಿಗೆ ಹೋಗಿತ್ತು.

ಅಮೃತಾ ಬದುಕಿದ್ದೇ 28 ವರ್ಷ, ಮಾಡಿದ ಚಿತ್ರಗಳು ಇನ್ನೂರರ ಒಳಗೆ. ಅವರು ಹೋದ ಮೇಲೆ ಅಪ್ಪ ಮತ್ತು ಗಂಡ ತಮ್ಮ ಬಳಿ ಇದ್ದ ಚಿತ್ರಗಳನ್ನು ಸರ್ಕಾರಕ್ಕೆ ಕೊಟ್ಟರು. 1954ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಶುರುವಾದಾಗ ಅದರ ಮುಖ್ಯ ಆಸ್ತಿ ಅದೇ. ಅವು ಮಾರಾಟಕ್ಕಿಲ್ಲ. ಮೇಲಾಗಿ 1972ರ ಕಾಯ್ದೆಯ ಪ್ರಕಾರ ಅಮೃತಾ ಚಿತ್ರಗಳು ರಾಷ್ಟ್ರದ ಕಲಾಸಂಪತ್ತು. ರವಿವರ್ಮ, ರವೀಂದ್ರನಾಥ ಠಾಕೂರ್, ನಂದಲಾಲ್ ಬೋಸ್, ಜಾಮಿನಿ ರಾಯ್ ಸೇರಿ ಒಂಬತ್ತು ಜನರ ಪಟ್ಟಿ ಅದು, ಇವರೊಬ್ಬರೇ ಹೆಣ್ಣು. ದೇಶದೊಳಗಿನ ಆ ಚಿತ್ರಗಳನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಹೀಗಾಗಿ ಹರಾಜಿಗೆ ಬರುವುದು ಎಲ್ಲೋ ಒಂದೊಂದು.

ಬದುಕಿದ್ದಾಗ ಒಂದೊಂದು ಚಿತ್ರ ಮಾರಲು ಊರೂರು ಅಲೆದವರು ಅವರು. 61 ಕೋಟಿ ಓದಿದಾಗ ನನಗೆ ಹೆಮ್ಮೆಗಿಂತ ಮೊದಲು ಅದು ನೆನಪಾಯಿತು.

ಪ್ರ: ಅಮೃತಾ ಅವರ ದಾರಿಯಲ್ಲಿ ನಡೆದ ಕನ್ನಡದ ಕಲಾವಿದರು ಇದ್ದಾರಾ? (ಉಡುಪಿಯ ಓದುಗರು)

ನಿಮ್ಮ ಊರಿನವರೇ ಇದ್ದಾರಲ್ಲ! ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು. 1911ರಲ್ಲಿ ಹುಟ್ಟಿದವರು, ಅಮೃತಾ ಅವರಿಗಿಂತ ಎರಡು ವರ್ಷ ದೊಡ್ಡವರು. ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲೇ ಕಲಿಸಿದರು. ಅಲ್ಲಿ ಹೇಳಿಕೊಟ್ಟ ಇಂಗ್ಲಿಷ್ ಮಾದರಿಯ ಚಿತ್ರಣ ಸಾಕು ಅನ್ನಿಸಿದಾಗ ಅವರಿಗೆ ದಾರಿ ತೋರಿಸಿದವರಲ್ಲಿ ಒಬ್ಬರು ಫ್ರಾನ್ಸಿನ ಚಿತ್ರಕಾರ ಗೋಗ್ಯಾ, ಇನ್ನೊಬ್ಬರು ಅಮೃತಾ. 1940ರ ದಶಕದಲ್ಲಿ ಅವರು ಕೇರಳದ ಕಡೆಯ ಜನರನ್ನು ಬರೆದ ಚಿತ್ರಗಳಲ್ಲಿ ಈ ನೆರಳು ಚೆನ್ನಾಗಿ ಕಾಣುತ್ತದೆ. ಗಟ್ಟಿ ಮೈಗಳು, ಸಮನಾಗಿ ಹರಡಿದ ಬಣ್ಣ, ಸಾಮಾನ್ಯ ಜನ.

ಹೆಬ್ಬಾರರು ಅಲ್ಲೇ ನಿಲ್ಲಲಿಲ್ಲ. ಕಥಕ್ ಕಲಿತರು, ಗೆರೆಯಲ್ಲಿ ಲಯ ತಂದರು. ಪ್ಯಾರಿಸ್‌ಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಅವರ ಮುಂದಿನ ಚಿತ್ರಗಳಲ್ಲಿ ಅಮೃತಾ ಅವರನ್ನು ಹುಡುಕಿದರೆ ಸಿಗುವುದಿಲ್ಲ. ಅದು ಸರಿಯಾದ ಶಿಷ್ಯತ್ವ ಅಂತ ನನ್ನ ಭಾವನೆ.

ಕರ್ನಾಟಕದ ಹೊರಗೆ ಕಲಾವಿದೆ ಬಿ. ಪ್ರಭಾ ಅವರ ಉದ್ದನೆಯ ಹಳ್ಳಿ ಹೆಂಗಸರನ್ನು ನೋಡಿ, ಅವರೂ ಅಮೃತಾ ಅವರಿಂದ ಹುರುಪು ಪಡೆದವರು. ಅಮೃತಾ ಅವರ ತಂಗಿ ಇಂದಿರಾ ಅವರ ಮಗ ವಿವಾನ್ ಸುಂದರಂ ಸ್ವತಃ ದೊಡ್ಡ ಕಲಾವಿದರಾದರು. ದೊಡ್ಡಮ್ಮನ ಪತ್ರ, ಬರಹಗಳನ್ನೆಲ್ಲ ಜೋಡಿಸಿ 2010ರಲ್ಲಿ ಎರಡು ದೊಡ್ಡ ಸಂಪುಟ ತಂದರು. ಅಜ್ಜ ತೆಗೆದ ಹಳೆಯ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದರೊಳಗೊಂದು ಬೆಸೆದು ಹೊಸ ಚಿತ್ರಮಾಲೆಯನ್ನೇ ಮಾಡಿದರು. 2023ರಲ್ಲಿ ಅವರೂ ತೀರಿಕೊಂಡರು.

ಪ್ರ: ನಾನು ಪಿಯುಸಿ ಓದುತ್ತಿದ್ದೇನೆ. ಅಮೃತಾ ಥರ ಆಗಬೇಕು ಅಂತ ಆಸೆ. ಮನೆಯಲ್ಲಿ ಪ್ಯಾರಿಸ್ ಇರಲಿ, ಬೆಂಗಳೂರಿಗೂ ಕಳಿಸುವುದಿಲ್ಲ. ಏನು ಮಾಡಲಿ? (ಹಾವೇರಿ ಜಿಲ್ಲೆಯ ವಿದ್ಯಾರ್ಥಿನಿ)

ಪ್ಯಾರಿಸ್‌ಗೆ ಹೋಗುವ ಮುಂಚೆ ಅಮೃತಾ ಏನು ಮಾಡುತ್ತಿದ್ದರು ಅಂತ ಹೇಳುತ್ತೇನೆ ಕೇಳಮ್ಮ. ಶಿಮ್ಲಾದಲ್ಲಿ ಹುಡುಗಿಯಾಗಿದ್ದಾಗ ಸಿನಿಮಾ ನಾಯಕಿಯರ ಥರದ, ಕತೆ ಪುಸ್ತಕದ ಥರದ ಚಿತ್ರಗಳನ್ನು ಮಾಡುತ್ತಿದ್ದರು. ಸೋದರಮಾವ ಎರ್ವಿನ್ ಬಕ್ತಾಯ್ ಬಂದವರು ಅದನ್ನು ನೋಡಿ, ಕಣ್ಣೆದುರಿನ ಮನುಷ್ಯರನ್ನು ಕೂರಿಸಿಕೊಂಡು ಬರಿ ಅಂದರು. ಅಂದಿನಿಂದ ಮನೆ ಕೆಲಸದವರನ್ನು, ತಂಗಿಯನ್ನು ಕೂರಿಸಿ ಬರೆಯತೊಡಗಿದರು. ಪ್ಯಾರಿಸ್‌ನಲ್ಲೂ ಅದನ್ನೇ ಮಾಡಿದರು. ತಂಗಿ, ಗೆಳತಿಯರು, ಯಾರೂ ಸಿಗದಿದ್ದರೆ ಕನ್ನಡಿ. ಅಲ್ಲಿದ್ದಾಗ ತಮ್ಮದೇ ಮುಖವನ್ನು ಮತ್ತೆ ಮತ್ತೆ ಬರೆದಿದ್ದಾರೆ. ಒಂದರಲ್ಲಿ ನಗು, ಒಂದರಲ್ಲಿ ಕೋಪ, ಒಂದರಲ್ಲಿ ಗರ್ವ.

ಇದಕ್ಕೆ ಯಾರ ಅಪ್ಪಣೆ ಬೇಕು? ಅಜ್ಜಿ ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಬರಿ. ತಮ್ಮ ಓದುತ್ತ ತೂಕಡಿಸುವಾಗ ಬರಿ. ಫೋಟೋ ತೆಗೆದು, ಅದನ್ನು ನೋಡಿ ಬರೆಯಬೇಡ. ಫೋನಿನ ಫೋಟೋ ಬೆಳಕನ್ನು ಚಪ್ಪಟೆ ಮಾಡಿಬಿಡುತ್ತದೆ, ಕಣ್ಣು ಸೋಮಾರಿಯಾಗುತ್ತದೆ. ಪೆನ್ಸಿಲು, ಅಂಗಡಿಯ ಸಾದಾ ನೋಟ್‌ಬುಕ್ ಸಾಕು. ಬಿಎಫ್‌ಎ, ಅಂದರೆ ಕಲೆಯ ಪದವಿ, ಓದಲು ಬೆಂಗಳೂರೇ ಆಗಬೇಕಿಲ್ಲ. ನಿಮ್ಮ ಪಕ್ಕದ ದಾವಣಗೆರೆಯಲ್ಲೇ ದೃಶ್ಯಕಲಾ ಕಾಲೇಜು ಇದೆ, ಧಾರವಾಡದಲ್ಲೂ ಕಲಿಯಬಹುದು. ಪಿಯುಸಿ ಫಲಿತಾಂಶ ಬರುವುದರೊಳಗೆ ಎರಡು ನೋಟ್‌ಬುಕ್ ತುಂಬಿಸಿ ಅಪ್ಪ ಅಮ್ಮನ ಮುಂದೆ ಇಡು. ಬಾಯಿಮಾತಿಗಿಂತ ಅದಕ್ಕೆ ತೂಕ ಜಾಸ್ತಿ. ಬೇಕಾದರೆ ನನಗೂ ಕೆಲವು ಹಾಳೆ ಕಳಿಸು, ನೋಡಿ ಬರೆಯುತ್ತೇನೆ.

ಪ್ರ: ಮುಂದಿನ ತಿಂಗಳು ದೆಹಲಿಗೆ ಹೋಗುತ್ತಿದ್ದೇವೆ. ಅಮೃತಾ ಚಿತ್ರಗಳನ್ನು ಎಲ್ಲಿ ನೋಡಬಹುದು? (ಬೆಂಗಳೂರಿನ ದಂಪತಿ)

ಇಂಡಿಯಾ ಗೇಟ್ ಹತ್ತಿರದ ಜೈಪುರ ಹೌಸ್. ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇರುವುದು ಅಲ್ಲೇ. ಸೋಮವಾರ ರಜೆ. ಇರುವ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ತೂಗುಹಾಕಿರುವುದಿಲ್ಲ, ಬದಲಾಯಿಸುತ್ತಿರುತ್ತಾರೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ.

ಕೆಂಪು ಕೋಟೆ, ಕುತುಬ್ ಮಿನಾರ್ ಎಲ್ಲ ಮುಗಿಸಿ ಕಾಲು ನೋಯುವಾಗ ಇಲ್ಲಿಗೆ ಹೋಗಬೇಡಿ, ಬೆಳಿಗ್ಗೆ ಮೊದಲು ಹೋಗಿ. ಪ್ಯಾರಿಸ್ ಕಾಲದ ಚಿತ್ರಗಳನ್ನು ನೋಡಿಕೊಂಡು, ‘ಮೂವರು ಹುಡುಗಿಯರು’ ದಾಟಿ, ದಕ್ಷಿಣದ ಚಿತ್ರಗಳಿಗೆ ಬನ್ನಿ. ಸರಾಯಾದ ಚಿಕ್ಕ ಚಿತ್ರಗಳನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ದೂರ ನಿಂತು ನೋಡಿ. ಆಮೇಲೆ ಕಾವಲಿನವರು ಬೇಡ ಅನ್ನದಷ್ಟು ಹತ್ತಿರ ಹೋಗಿ ಬ್ರಷ್ಷಿನ ಗುರುತು ನೋಡಿ. ಹೆಸರಿನ ಚೀಟಿ ಓದುವುದು ಕೊನೆಯ ಕೆಲಸ.

ಹೆಬ್ಬಾರರ ಚಿತ್ರಗಳು ನಿಮ್ಮ ಬೆಂಗಳೂರಿನಲ್ಲೇ, ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಯ ಸಂಗ್ರಹದಲ್ಲಿ ಇವೆ. ತೆರೆದಿದೆಯಾ ಅಂತ ವಿಚಾರಿಸಿಕೊಂಡು, ದೆಹಲಿಯಿಂದ ಬಂದ ವಾರದಲ್ಲೇ ಅಲ್ಲಿಗೂ ಹೋಗಿ. ಎರಡನ್ನೂ ಹತ್ತಿರ ಹತ್ತಿರ ನೋಡಿದಾಗ ಏನು ಅನ್ನಿಸಿತು ಅಂತ ಬರೆಯಿರಿ. ಮುಂದಿನ ಸಂಚಿಕೆಗೆ ಹೆಬ್ಬಾರರ ಬಗ್ಗೆ ಪ್ರಶ್ನೆಗಳನ್ನು ಕಳಿಸಬಹುದು.